ಎಂಟಿಂಚು ಗಾಳಿ

ನಮ್ಮ ಅಡುಗೆಮನೆಯಲ್ಲಿ ಖಾಲಿ ಜಾಗಕ್ಕೆ ಆಯಸ್ಸು ಕಡಿಮೆ. ಒಂದು ಡಬ್ಬಿಯನ್ನು ತೊಳೆಯಲು ಎತ್ತಿಕೊಂಡು ಹೋಗಿ ವಾಪಸು ಬರುವಷ್ಟರಲ್ಲಿ ಅಲ್ಲೊಂದು ಹುಣಿಸೆಹಣ್ಣಿನ ಪೊಟ್ಟಣ ಕಾಲುಚಾಚಿ ಕೂತಿರುತ್ತದೆ. ಇಂಥ ಮನೆಗೆ ಮೈಕ್ರೋವೇವ್ ಓವನ್ ತರೋಣ ಎಂದು ಇವರು ಹೊರಟರು.

ಅಂಗಡಿಯ ಹುಡುಗ ಲೀಟರಿನಲ್ಲೇ ಮಾತು ತೆಗೆದ. "ಬರೀ ಬಿಸಿ ಮಾಡೋಕೆ ಇಪ್ಪತ್ತು ಲೀಟರ್ ಸೋಲೋ ಸಾಕಾ ಮೇಡಂ, ಕೇಕೂ ಬೇಯಿಸೋ ಇಪ್ಪತ್ತೆಂಟರ ಕನ್ವೆಕ್ಷನ್ ಕೊಡ್ಲಾ?" ಜೊತೆಗೆ ಬಂದಿದ್ದ ನಮ್ಮತ್ತೆ, "ಇಪ್ಪತ್ತು ಲೀಟರ್ ಅಂದ್ರೆ ನಮ್ಮ ಹಿತ್ತಾಳೆ ಕೊಳಗದಷ್ಟೇ, ಅಷ್ಟು ಯಾಕೆ?" ಅಂದರು. ಲೀಟರು ಹೇಳುವುದು ಹೊಟ್ಟೆಯ ಲೆಕ್ಕ. ನನಗೆ ಬೇಕಿದ್ದದ್ದು ಮೈಸುತ್ತಳತೆ. ವ್ಯಾನಿಟಿ ಬ್ಯಾಗಿನಿಂದ ಟೇಪು ತೆಗೆದೆ. ಸೋಲೋ ಸುಮಾರು 18 ಇಂಚು ಅಗಲ, 14 ಇಂಚು ಆಳ. ಕನ್ವೆಕ್ಷನ್ನಿನದು ಆಳವೇ 19ರ ಹತ್ತಿರ. ಹಿಂದೆ ಗಾಳಿಗೆ 4 ಇಂಚು ಬಿಟ್ಟರೆ ನಮ್ಮ 2 ಅಡಿ ಕಟ್ಟೆಯ ಅಂಚಿಗೇ ಬಂದು ಇಣುಕುತ್ತದೆ.

ಗಾಳಿಯ ವಿಷಯ ಗೊತ್ತಾದದ್ದು ಕೈಪಿಡಿಯಿಂದ. ಒಳಗೆ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ಕಾಯುತ್ತದೆ, ಫ್ಯಾನು ಆ ಬಿಸಿಯನ್ನು ಹೊರಗೆ ತಳ್ಳಬೇಕು. ಆದ್ದರಿಂದ ಮೇಲೆ 8 ಇಂಚು, ಹಿಂದೆ 4, ಪಕ್ಕಕ್ಕೆ 2 ಬಿಡಿ ಎಂದಿತ್ತು. ಮಾದರಿಯಿಂದ ಮಾದರಿಗೆ ಲೆಕ್ಕ ಅಷ್ಟಿಷ್ಟು ಬದಲಾಗುತ್ತದೆ. "ದುಡ್ಡು ಕೊಟ್ಟು ತಂದು ಸುತ್ತ ಖಾಲಿ ಬೇರೆ ಬಿಡಬೇಕಾ?" ಎಂದರು ಅತ್ತೆ. ಇಷ್ಟೇ ತಾನೇ ಎಂದುಕೊಂಡೆ ನಾನು. 1947ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿ ಮಾರಾಟಕ್ಕಿಟ್ಟ ಮೊದಲ ಓವನ್ ಆರಡಿಯ ಹತ್ತಿರ ಎತ್ತರ, 340 ಕಿಲೋ ತೂಕ ಇತ್ತಂತೆ. ಅದನ್ನು ಕೊಂಡಿದ್ದರೆ ಓವನ್ನನ್ನು ಅಡುಗೆಮನೆಯಲ್ಲಿ ಬಿಟ್ಟು ನಾವೇ ವರಾಂಡಕ್ಕೆ ಬರಬೇಕಿತ್ತು.

ಜಾಗದ ಬಗ್ಗೆ ತಲೆಗೊಂದು ಸಲಹೆ ಬಂತು. ಅತ್ತೆ ಫ್ರಿಜ್ಜಿನ ತಲೆ ತೋರಿಸಿದರು. ಅಷ್ಟೆತ್ತರದಿಂದ ಕುದಿಯುವ ಸಾರಿನ ಬಟ್ಟಲು ಇಳಿಸುವಾಗ ಕೈ ಜಾರಿದರೆ ನೆತ್ತಿಗೇ ಅಭಿಷೇಕ. ಸ್ಟೋವಿನ ಪಕ್ಕ ಇಟ್ಟರೆ ದಿನಾ ಒಗ್ಗರಣೆಯ ಎಣ್ಣೆಹೊಗೆ, ಕುಕ್ಕರಿನ ಹಬೆ. ಇವರಿಗೆ ಕಪಾಟಿನೊಳಗೆ ಇಟ್ಟು ಬಾಗಿಲು ಮುಚ್ಚುವಾಸೆ, ನೋಡೋಕೆ ನೀಟಾಗಿರುತ್ತಂತೆ. ಎಡಗಡೆಯ ಮೂಲೆಗೆ ಗೋಡೆ ಅಡ್ಡ. ಓವನ್ನಿನ ಬಾಗಿಲು ಎಡಕ್ಕೇ ತೆರೆಯುವುದರಿಂದ ಬಟ್ಟಲನ್ನು ಓರೆಮಾಡಿ ಎಳೆಯಬೇಕು.

ಕನ್ವೆಕ್ಷನ್ ಆಸೆಯನ್ನು ಪೂರ್ತಿ ಮುಗಿಸಿದವನು ಎಲೆಕ್ಟ್ರಿಷಿಯನ್. ಮಿಕ್ಸಿಯ ಸಣ್ಣ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿದರಾಯಿತು ಎಂದು ಇವರು ಹೇಳಿದ್ದೇ ತಡ, ಆತ ಸ್ಕ್ರೂಡ್ರೈವರ್ ಕೆಳಗಿಟ್ಟ. "ಇದು ಆರು ಆಂಪ್ಸ್‌ದು ಸಾರ್. ಸಾವಿರದ ಮುನ್ನೂರು ವ್ಯಾಟ್ ದಾಟಿದ್ರೆ ಕಷ್ಟ. ಕನ್ವೆಕ್ಷನ್ ಎರಡು ಸಾವಿರ ಎಳೆಯುತ್ತೆ. ಮೊದಲು ಬೋರ್ಡ್ ಕರಕಲಾಗುತ್ತೆ, ಆಮೇಲೆ ನೀವು ನನಗೆ ಫೋನ್ ಮಾಡ್ತೀರಿ." ಮನೆಯಲ್ಲಿದ್ದ ಒಂದೇ 16 ಆಂಪ್ಸ್ ಸಾಕೆಟ್ ಗ್ರೈಂಡರ್ ಕೂತಿದ್ದ ಮೂಲೆಯಲ್ಲಿತ್ತು. ಕೊನೆಗೆ ಆ ಮೂಲೆಗೆ ಸೋಲೋ ಬಂತು, ಅತ್ತೆಯ ಗ್ರೈಂಡರ್ ಹಿತ್ತಿಲ ಬಾಗಿಲಿನ ಪಕ್ಕಕ್ಕೆ ಎತ್ತಂಗಡಿಯಾಯಿತು. ವಾರದಲ್ಲಿ ಎರಡು ಸಲ ದೋಸೆಹಿಟ್ಟು ರುಬ್ಬುವಾಗ ಆ ಅನ್ಯಾಯ ನನ್ನ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ ಹೊರಬರುತ್ತದೆ.

ಈಗ ಜಗಳವೆಲ್ಲ ಮೇಲಿನ ಎಂಟಿಂಚಿನದು. ಅತ್ತೆಯ ಕಣ್ಣಿಗೆ ಅದು ಸರ್ಕಾರಿ ಗೋಮಾಳ, ಯಾರು ಮೊದಲು ಬೇಲಿ ಹಾಕಿದರೆ ಅವರದು. ಮೊದಲು ಬಂದದ್ದು ನವಿಲಿನ ಕ್ರೋಶಾ ಕವರು. ಟಿವಿ ಗೋಡೆಗೇರಿದಾಗಿನಿಂದ ಪಾಪ ಅದಕ್ಕೆ ಕೆಲಸವಿರಲಿಲ್ಲ. ಗಾಳಿ ಬಿಡುವ ಕಂಡಿಗಳನ್ನೆಲ್ಲ ನವಿಲು ಗರಿಬಿಚ್ಚಿ ಮುಚ್ಚಿತ್ತು. ಅದನ್ನು ತೆಗೆದೆ. ಮಾರನೆ ಬೆಳಗ್ಗೆ ಹಪ್ಪಳದ ಡಬ್ಬಿ ಹತ್ತಿ ಕೂತಿತ್ತು, ಬೆಚ್ಚಗಿದ್ದರೆ ಮೆತ್ತಗಾಗುವುದಿಲ್ಲವಂತೆ.

"ಅತ್ತೆ, ಅದು ಉಸಿರಾಡಬೇಕು," ಎಂದೆ.

"ಒಂದು ಹಪ್ಪಳದ ಡಬ್ಬಿಗೆ ಉಸಿರು ಕಟ್ಟುತ್ತೇನೇ ಅದಕ್ಕೆ? ಇದೇ ಅಡುಗೆಮನೇಲಿ ನಲವತ್ತು ವರ್ಷ ನಾನು ಉಸಿರಾಡಿಲ್ವೇ?"