ಫ್ಯೂಸ್ ಎಂಬ ತಟ್ಟು

ಯಾವೂರು ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಮುಜುಗರ. ‘ಬ್ಲಫ್’ ಎಂದರೆ ‘ಬುರುಡೆ ಬಿಡಬೇಡಿ ಸ್ವಾಮಿ’ ಎನ್ನುತ್ತಾರೆ. ಕಡಿದಾದ ದಿಬ್ಬಕ್ಕೂ ಇಂಗ್ಲಿಷಿನಲ್ಲಿ ಹಾಗೇ ಅನ್ನುತ್ತಾರೆ, ಊರು ಮಳವಳ್ಳಿ ತಾಲ್ಲೂಕಿನಲ್ಲಿದೆ, ಗಗನಚುಕ್ಕಿಯ ಹತ್ತಿರ ಎಂದು ಬಿಡಿಸಿ ಹೇಳುವಷ್ಟರಲ್ಲಿ ಅವರ ಬಸ್ಸು ಬಂದಿರುತ್ತದೆ. ಅಂಥ ಊರಿನಲ್ಲಿ ನನಗೊಂದು ಕುದುರೆ ಇತ್ತೆಂದರೆ ಯಾರು ನಂಬುತ್ತಾರೆ?

ಕುದುರೆ ಅಂದದ್ದು ಕೊಂಚ ಹೆಚ್ಚಾಯಿತು. ತಟ್ಟು. ನನಗೆ ಅಂದದ್ದೂ ಹೆಚ್ಚೇ. ಅದು ಜಟಕಾ ತಾತನದು. ತಾತ ಇಟ್ಟ ಹೆಸರು ರಾಜ. ಪವರ್‌ಹೌಸ್ ಕಾಲೊನಿಯ ಮಕ್ಕಳಾದ ನಾವು ಇಟ್ಟದ್ದು ಫ್ಯೂಸ್. ಚೆನ್ನಾಗಿ ಓಡುತ್ತಿದ್ದವನು ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದ. ಬಿಸಿಲು, ಮಳೆ, ಗುಡ್ಡ, ಯಾವ ಕಾರಣವೂ ಬೇಕಿರಲಿಲ್ಲ.

ನಮ್ಮೂರಲ್ಲಿ ಕುದುರೆಗಳ ಲೆಕ್ಕಕ್ಕೇನೂ ಬರವಿರಲಿಲ್ಲ. 746 ವಾಟಿಗೆ ಒಂದು ಅಶ್ವಶಕ್ತಿ. ನಮ್ಮ ವಿದ್ಯುತ್ ಕೇಂದ್ರದ್ದು 42 ಮೆಗಾವಾಟ್. ಭಾಗಿಸಿದರೆ 56,000 ಕುದುರೆಗಳ ಮೇಲಾಯಿತು! ಅಪ್ಪ ಬೆಳಗ್ಗೆ ಟ್ರಾಲಿಯಲ್ಲಿ ಕೂತು, ದೈತ್ಯ ಕೊಳವೆಗಳ ಪಕ್ಕದಲ್ಲೇ ಇಳಿದು, ಆ ಕುದುರೆಗಳನ್ನು ಓಡಿಸಲು ಹೋಗುತ್ತಿದ್ದರು. ದಿಬ್ಬದ ಮೇಲೆ ನಾವು ಆರೇಳು ಮಂದಿ ಸೇರಿ ಒಂದೇ ಒಂದನ್ನು ಓಡಿಸಲಾರದೆ ಗಾಡಿ ತಳ್ಳುತ್ತಿದ್ದೆವು.

ತಾತನ ಮುಂದೆ ಫ್ಯೂಸ್‌ನನ್ನು ಬೈಯುವಂತಿರಲಿಲ್ಲ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಶುರುವಾದ ಈ ವಿದ್ಯುತ್ ಕೇಂದ್ರದ ಕೆಲಸಕ್ಕೆ ಸಾಮಾನು ಹೊತ್ತದ್ದು ಆನೆಗಳು ಮತ್ತು ಕುದುರೆಗಾಡಿಗಳು. 1902ರಲ್ಲಿ ಇಲ್ಲಿಂದ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ಬೆಂಗಳೂರಿಗೆ ವಿದ್ಯುತ್ ದೀಪ ಬರಲು 1905 ಆಗಬೇಕಾಯಿತು. ಇಷ್ಟು ಇತಿಹಾಸ. ಆ ಗಾಡಿ ಎಳೆದ ಕುದುರೆಗಳ ಮರಿಮೊಮ್ಮಗನೇ ಇವನು ಎಂಬುದು ತಾತನ ಸೇರ್ಪಡೆ. ‘ಅವ್ರಪ್ಪಂದಿರು ದುಡ್ದು ದುಡ್ದು ಸುಸ್ತಾಗವ್ರೆ, ಇವ್ನು ಈಗ ಸುಧಾರಿಸ್ಕೊತಾವ್ನೆ ಕಣಪ್ಪ’ ಎನ್ನುತ್ತಿದ್ದ. ಊರಿನ ಹೆಸರಿಗೆ ತಕ್ಕ ಮನುಷ್ಯ.

ಫ್ಯೂಸ್ ಮತ್ತೆ ಹೊರಡಲು ಒಂದೇ ಮದ್ದು, ಬೆಂದ ಹುರುಳಿ. ನಮ್ಮ ಮನೆಯಲ್ಲಿ ಬಸ್ಸಾರು ಮಾಡಿದ ದಿನ ಬಸಿದಿಟ್ಟ ಕಾಳಿನಲ್ಲಿ ಒಂದು ಹಿಡಿ ನನ್ನ ಚಡ್ಡಿ ಜೇಬು ಸೇರುತ್ತಿತ್ತು. ಅಂಗೈ ಚಾಚಿದರೆ ಅವನು ಮೊದಲು ಉಫ್ ಎಂದು ಬಿಸಿಯುಸಿರು ಬಿಡುತ್ತಿದ್ದ. ಆಮೇಲೆ ಮೇಲ್ದುಟಿಯನ್ನು ಬೆರಳಿನಂತೆ ಆಡಿಸಿ ಕಾಳುಕಾಳನ್ನೂ ಬಳಿದುಕೊಳ್ಳುತ್ತಿದ್ದ. ಆ ಮೆತ್ತನೆಯ ತುಟಿ, ಗಡ್ಡದ ಮೇಲಿನ ನಾಲ್ಕೈದು ಒರಟು ಕೂದಲಿನ ಕಚಗುಳಿ, ಕೊನೆಗೆ ಅಂಗೈ ತುಂಬ ಜೊಲ್ಲು. ಅದನ್ನು ಅಂಗಿಗೆ ಒರೆಸಿಕೊಂಡು ಮನೆಗೆ ಹೋದರೆ ಅಮ್ಮನ ಪ್ರಶ್ನೆ ಕಾದಿರುತ್ತಿತ್ತು: ‘ಕಾಳೆಲ್ಲ ಎಲ್ಲೋದ್ವೋ?’

ಒಂದು ಶನಿವಾರ ಶಿವನಸಮುದ್ರದ ರಂಗನಾಥನ ದರ್ಶನಕ್ಕೆ ಜಟಕಾದಲ್ಲಿ ಹೊರಟೆವು. ಶ್ರೀರಂಗಪಟ್ಟಣದವನು ಆದಿರಂಗ, ನಮ್ಮವನು ಮಧ್ಯರಂಗ. ಫ್ಯೂಸ್ ಅದನ್ನು ಬೇರೆ ರೀತಿ ಅರ್ಥ ಮಾಡಿಕೊಂಡು ದಾರಿಯ ಮಧ್ಯದಲ್ಲೇ ನಿಂತ. ನನ್ನ ಜೇಬು ಖಾಲಿ. ಅತ್ತೆ ನೈವೇದ್ಯಕ್ಕೆಂದು ಮಡಿಯಲ್ಲಿ ಮಾಡಿ ತಂದಿದ್ದ ಹೆಸರುಬೇಳೆ ಕೋಸಂಬರಿಯ ಡಬ್ಬಿಯನ್ನೇ ಅವನು ನೋಡುತ್ತಿದ್ದ. ಅರ್ಧ ಗಂಟೆ ಅತ್ತೆಯೂ ಬಗ್ಗಲಿಲ್ಲ, ಅವನೂ ಬಗ್ಗಲಿಲ್ಲ. ಕೊನೆಗೆ ಅತ್ತೆಯೇ ಮುಚ್ಚಳ ತೆಗೆದರು. ಆ ದಿನ ರಂಗನಾಥನಿಗೆ ಬರೀ ಬಾಳೆಹಣ್ಣು.

ಬಸ್ಸುಗಳು ಹೆಚ್ಚಾದವು, ತಾತ ಮಗಳ ಮನೆಗೆ ಹೋದ, ಫ್ಯೂಸ್ ಕೂಡ ಅವನ ಹಿಂದೆಯೇ ಹೋದ. ಎಲ್ಲೂ ನಿಲ್ಲದೆ ಹೋದನಂತೆ.

ಈಗಲೂ ಬೆಂಗಳೂರಿನ ಮನೆಯಲ್ಲಿ ಕರೆಂಟು ಹೋದರೆ ನನ್ನ ತಂಗಿ ಕತ್ತಲಲ್ಲೇ ಕೂಗುತ್ತಾಳೆ: ‘ಅಣ್ಣಾ, ಒಂದು ಹಿಡಿ ಹುರುಳಿ ತಗೊಂಬಾ.’