ಕೊಟೇಶನ್ ಸ್ವಾಮಿ: ಒಂದು ಲಕ್ಷಣನಿರೂಪಣೆ

ಸಂತೆಗೆ ಬರುವವರನ್ನು ಕೊಳ್ಳುವವರು, ಮಾರುವವರು ಎಂದು ಎರಡೇ ಪಂಗಡವಾಗಿ ವಿಂಗಡಿಸುವುದು ರೂಢಿಯಲ್ಲಿದ್ದರೂ, ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮಂಡಿ, ಮಿಲ್ಲು, ಗ್ಯಾರೇಜುಗಳಲ್ಲಿ ಈ ಎರಡಕ್ಕೂ ಸೇರದ ಮೂರನೆಯ ಪಂಗಡವೊಂದು ಬಹುಕಾಲದಿಂದ ನೆಲೆಯೂರಿದ್ದು, ಅದನ್ನು ವಿಚಾರಿಸುವವರ ಪಂಗಡವೆಂದು ಕರೆಯಬಹುದು. ಈ ಪಂಗಡದವರು ಕೈಯಲ್ಲಿ ಕಾಸಿಲ್ಲದವರೂ ಅಲ್ಲ, ಜಿಪುಣರೂ ಅಲ್ಲ. ಎರಡು ವಸ್ತುಗಳನ್ನು ಅಕ್ಕಪಕ್ಕ ಇಟ್ಟು ತೂಗುವಾಗಿನ ಸುಖ ಅವುಗಳಲ್ಲಿ ಒಂದನ್ನು ಮನೆಗೆ ತಂದ ಗಳಿಗೆಯಲ್ಲೇ ಮುಗಿದುಹೋಗುತ್ತದೆಂಬುದನ್ನು ಅರಿತು, ಆ ಗಳಿಗೆಯನ್ನು ಮುಂದೂಡುತ್ತ ಬಂದವರು. ಇವರಲ್ಲಿ ನನ್ನಿವಾಳದ ಮಾದರಿಯನ್ನು ಇಲ್ಲಿ ‘ಕೊಟೇಶನ್ ಸ್ವಾಮಿ’ ಎಂದು ಹೆಸರಿಸಲಾಗಿದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಕೃಪೆಯಿಂದ ಆ ಸೀಮೆಯಲ್ಲಿ ‘ಸ್ವಾಮಿ’ ಎಂದು ಕೂಗಿದರೆ ನಾಲ್ಕು ಜನ ತಿರುಗಿ ನೋಡುವುದರಿಂದ ಈ ಹೆಸರು ಯಾರೊಬ್ಬರನ್ನೂ ಬೊಟ್ಟುಮಾಡಿ ತೋರಿಸಿದಂತಾಗುವುದಿಲ್ಲ. ಕೊಟೇಶನ್ ಎಂಬುದು ಮಾರುವವನು ತನ್ನ ವಸ್ತುವಿನ ಬೆಲೆ, ತೆರಿಗೆ, ಸಾಗಣೆ, ಷರತ್ತುಗಳನ್ನೆಲ್ಲ ಬರೆದು ಮೊಹರು ಒತ್ತಿ ಕೊಡುವ ದರಪತ್ರ. ಉಳಿದವರಿಗೆ ಅದು ಖರೀದಿಯ ಮೊದಲ ಮೆಟ್ಟಿಲಾದರೆ ಸ್ವಾಮಿಗೆ ಅದೇ ಮಹಡಿ.

ನನ್ನಿವಾಳ ಮ್ಯಾಸನಾಯಕರ ಕಟ್ಟೆಮನೆಗಳಲ್ಲಿ ಒಂದೆಂದು ಹೆಸರಾದ ಊರು. ಕಟ್ಟೆಮನೆಯೆಂದರೆ ಬುಡಕಟ್ಟಿನ ವ್ಯಾಜ್ಯಗಳು, ಕಟ್ಟುಕಟ್ಟಳೆಗಳು ತೀರ್ಮಾನಕ್ಕೆ ಬರುವ ಠಾವಾಗಿದ್ದು, ಅಂಥ ಊರಿನಲ್ಲೇ ಯಾವ ತೀರ್ಮಾನಕ್ಕೂ ಬರದ ಈ ಮನುಷ್ಯ ತಲೆನರೆಯುವವರೆಗೆ ಸುಖವಾಗಿ ಬಾಳಿಕೊಂಡು ಬಂದಿರುವುದು ಸ್ಥಳಮಹಿಮೆಗೆ ಒಂದು ಅಪವಾದವೆಂದೇ ಹೇಳಬೇಕು. ಅವನ ಮೊದಲ ವಿಚಾರಣೆ ಅಮೃತಮಹಲ್ ಹೋರಿ ಮೇಲೋ ಹಳ್ಳಿಕಾರ್ ಹೋರಿ ಮೇಲೋ ಎಂಬುದಾಗಿತ್ತು. ಅದು ಇತ್ಯರ್ಥವಾಗುವ ಹೊತ್ತಿಗೆ ಊರಿನ ಹೊಲಗಳಿಗೆ ಟ್ರ್ಯಾಕ್ಟರು ಬಂದು ಹೋರಿಗಳೇ ವಿರಳವಾದವು. ಮಹೀಂದ್ರವೋ ಸ್ವರಾಜೋ ಎಂಬ ಎರಡನೆಯ ವಿಚಾರಣೆ ನಡೆಯುತ್ತಿರುವಾಗ ಶೇಂಗಾ ಬಿತ್ತುವ ಹದ ಜಾರಿಹೋಗಲು ಎರಡು ದಿನ ಉಳಿದಿದ್ದು, ಪಕ್ಕದ ಹೊಲದವನ ಟ್ರ್ಯಾಕ್ಟರನ್ನು ಗಂಟೆ ಲೆಕ್ಕದಲ್ಲಿ ಕರೆದುಕೊಂಡು ಬಂದು ಬಿತ್ತನೆ ಮುಗಿಸಲಾಯಿತು. ಬಾಡಿಗೆ ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಯಾವ ಹೆಸರಿತ್ತೆಂದು ಅವನು ಆ ದಿನ ನೋಡಲೇ ಇಲ್ಲವೆಂಬುದು ಗಮನಾರ್ಹ. 2014-15ರಲ್ಲಿ ರಾಜ್ಯ ಸರ್ಕಾರ ಹೋಬಳಿಗಳಲ್ಲಿ ಕೃಷಿ ಯಂತ್ರೋಪಕರಣಗಳನ್ನು ಬಾಡಿಗೆಗೆ ಕೊಡುವ ‘ಕೃಷಿ ಯಂತ್ರಧಾರೆ’ ಯೋಜನೆಯನ್ನು ಆರಂಭಿಸಿದಾಗ ಇತರ ರೈತರಿಗೆ ದೊರೆತದ್ದು ಯಂತ್ರವಾದರೆ ಸ್ವಾಮಿಗೆ ದೊರೆತದ್ದು ಹೊಸದೊಂದು ಪ್ರಶ್ನೆ. ಅಲ್ಲಿಯವರೆಗೆ ಅವನ ಪಾಂಡಿತ್ಯ ‘ಯಾವುದು’ ಎಂಬಲ್ಲಿಗೆ ನಿಲ್ಲುತ್ತಿತ್ತು. ಅಲ್ಲಿಂದಾಚೆಗೆ ‘ಕೊಳ್ಳುವುದೋ ಬಾಡಿಗೆಗೆ ತರುವುದೋ’ ಎಂಬ ಇನ್ನೊಂದು ಕವಲು ಒಡೆದು, ಸುಖ ಇಮ್ಮಡಿಯಾಯಿತು.

ಅವನ ವಿಚಾರಣಾಜೀವನದ ಶಿಖರವೆಂದರೆ ಸಿಸರ್ ಲಿಫ್ಟಿನ ಪ್ರಕರಣ. ಶೇಂಗಾ ಚೀಲ ಪೇರಿಸುವವರಿಗೆ ಬಾಡಿಗೆಗೆ ಕೊಡಲೆಂದು ಅವನು ಊರಾಚೆ ಒಂದು ತಗಡಿನ ಶೆಡ್ಡು ಕಟ್ಟಿಸಿದ್ದು, ಅದರ ನೆತ್ತಿ ನೆಲದಿಂದ 22 ಅಡಿ ಎತ್ತರದಲ್ಲಿದೆ. ತಗಡನ್ನು ಹೊತ್ತ ಕಬ್ಬಿಣದ ಟ್ರಸ್ಸಿಗೆ ತುಕ್ಕು ಹಿಡಿಯತೊಡಗಿದಾಗ ಕೆಂಪು ಬಣ್ಣ ಬಳಿಸಬೇಕಾಯಿತು. ಬಣ್ಣ ಬಳಿಯುವವನು ಸರ್ವೆ ಕಂಬ, ತೆಂಗಿನ ಹುರಿಯಿಂದ ಸಾರವೆ ಕಟ್ಟುವುದಾಗಿ ಹೇಳಿದನಾದರೂ, ಅದರಲ್ಲಿ ಹೋಲಿಸಲು ಏನೂ ಇಲ್ಲದ್ದರಿಂದ ಸ್ವಾಮಿಗೆ ರುಚಿಸಲಿಲ್ಲ. ಸಿಸರ್ ಲಿಫ್ಟೆಂದರೆ ಕತ್ತರಿಯ ಕಾಲುಗಳಂತೆ ಒಂದರ ಮೇಲೊಂದು ಅಡ್ಡಹಾಯ್ದ ಉಕ್ಕಿನ ತೋಳುಗಳ ಸಾಲು ಎಣ್ಣೆಯ ಒತ್ತಡದಿಂದ ಬಿಚ್ಚಿಕೊಂಡು, ಮೇಲಿರುವ ಕಟಕಟೆಯಂಥ ತೊಟ್ಟಿಲನ್ನು ನೆಟ್ಟಗೆ ಎತ್ತುವ ಯಂತ್ರ. ಅಂಗಡಿ ಮುಂದಿನ ಮಡಿಸುವ ಕಬ್ಬಿಣದ ಗೇಟನ್ನು ಅಡ್ಡಕ್ಕೆ ಎಳೆಯುವ ಬದಲು ಮೇಲಕ್ಕೆ ಎಳೆದರೆ ಹೇಗೋ ಹಾಗೆ. ತೋಳುಗಳೆಲ್ಲ ಮಡಿಸಿ ಮಲಗಿರುವಾಗ ಅದನ್ನು ಮೊದಲ ಒಂದು ಗೇಣು ಎತ್ತುವುದಕ್ಕೇ ಅತ್ಯಧಿಕ ಬಲ ಬೇಕಾಗುತ್ತದೆಂದೂ, ಏರಿದಂತೆಲ್ಲ ಕೆಲಸ ಹಗುರಾಗುತ್ತದೆಂದೂ ಯಂತ್ರಶಾಸ್ತ್ರ ಹೇಳುತ್ತದೆ. ಈ ವಿಷಯದಲ್ಲಿ ಯಂತ್ರಕ್ಕೂ ಸ್ವಾಮಿಗೂ ಇದ್ದ ಸಾಮ್ಯ ಅವನ ಮನೆಯವರಿಗೆ ಮಾತ್ರ ತಿಳಿದಿತ್ತು.

ತಯಾರಕರ ವಂಶಾವಳಿಯನ್ನು ಅವನು ಪಾಳೆಯಗಾರರ ವಂಶಾವಳಿಯಷ್ಟೇ ಶ್ರದ್ಧೆಯಿಂದ ಕಲಿತನು. ನೀಲಿ ಬಣ್ಣದ ಜಿನೀ 1966ರಲ್ಲಿ ಹುಟ್ಟಿ 2002ರಲ್ಲಿ ಟೆರೆಕ್ಸ್ ಪಾಲಾದದ್ದು, ಕಿತ್ತಳೆ ಬಣ್ಣದ ಜೆಎಲ್‌ಜಿ 1969ರಲ್ಲಿ ಪೆನ್ಸಿಲ್ವೇನಿಯದಲ್ಲಿ ಆರಂಭವಾಗಿ 2006ರಲ್ಲಿ ಆಶ್‌ಕಾಶ್ ಮನೆತನ ಸೇರಿದ್ದು, ಆ ಮೂರಕ್ಷರ ಅದನ್ನು ಸ್ಥಾಪಿಸಿದ ಜಾನ್ ಎಲ್. ಗ್ರೋವನ ಹೆಸರಿನ ಮೊದಲಕ್ಷರಗಳೆಂಬುದು, ಸ್ಕೈಜಾಕ್ ಕೆನಡಾದ್ದೆಂಬುದು, ಹಳದಿ ಬಣ್ಣದ ಹಾಲೊಟ್ ಫ್ರಾನ್ಸಿನದೆಂಬುದು, ಡಿಂಗ್ಲಿ ಚೀನಾದ ಜೆಜಿಯಾಂಗ್ ಪ್ರಾಂತ್ಯದ್ದೆಂಬುದು ಅವನಿಗೆ ಬಾಯಿಪಾಠವಾಗಿ, ಟೀ ಅಂಗಡಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಕುಳಿತವರಿಗೂ ಅರ್ಧಂಬರ್ಧ ಬಾಯಿಪಾಠವಾಯಿತು. ಒಂದರ ಕರಪತ್ರದಲ್ಲಿ ತೊಟ್ಟಿಲು ಹೊರುವ ಭಾರ 227 ಕಿಲೊ ಎಂದೂ ಇನ್ನೊಂದರದರಲ್ಲಿ 230 ಕಿಲೊ ಎಂದೂ ಇದ್ದುದನ್ನು ಕಂಡು, ಆ ಮೂರು ಕಿಲೊ ಎಲ್ಲಿಂದ ಬಂತೆಂದು ಅವನು ಒಂದು ಬೇಸಿಗೆಯಿಡೀ ಚಿಂತಿಸಿದನು. ಎರಡೂ ಮೂಲದಲ್ಲಿ 500 ಪೌಂಡೇ ಆಗಿದ್ದು, ಒಬ್ಬರು ಲೆಕ್ಕವನ್ನು ಇದ್ದಂತೆಯೇ ಬಿಟ್ಟು ಇನ್ನೊಬ್ಬರು ದುಂಡಗೆ ಮಾಡಿದ್ದರೆಂಬುದು ತಿಳಿದಾಗ ಅವನಿಗೆ ಸಂತೋಷಕ್ಕಿಂತ ನಿರಾಶೆಯೇ ಹೆಚ್ಚಾಯಿತು.

ಈ ಪಾಂಡಿತ್ಯ ಬರಿ ಬಾಯಿಚಪಲವೆಂದು ತಳ್ಳಿಹಾಕಿದರೆ ಅನ್ಯಾಯವಾದೀತು. ಅವನ ಹೋಲಿಕೆಯಿಂದ ಅವನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಪ್ರಯೋಜನವಾಗಿದೆ. ಉದಾಹರಣೆಗೆ ಯಂತ್ರದ ಮೈಮೇಲಿನ ಸಂಖ್ಯೆಗಳನ್ನು ಓದುವ ಕ್ರಮವನ್ನು ನೋಡಬಹುದು. ಜಿನೀಯವರ 1930 ಎಂಬಲ್ಲಿ ಮೊದಲೆರಡು ಅಂಕಿ ತೊಟ್ಟಿಲು ಏರುವ ಎತ್ತರವನ್ನು ಅಡಿಗಳಲ್ಲೂ, ಕೊನೆಯೆರಡು ಯಂತ್ರದ ಅಗಲವನ್ನು ಅಂಗುಲಗಳಲ್ಲೂ ಹೇಳುತ್ತವೆ. ಅಂದರೆ 19 ಅಡಿ ಎತ್ತರ, 30 ಅಂಗುಲ ಅಗಲ. ಸ್ಕೈಜಾಕಿನವರ 3219 ಎಂಬಲ್ಲಿ ಕ್ರಮ ತಿರುವುಮುರುವಾಗಿದ್ದು, ಅಗಲ 32 ಅಂಗುಲ ಮೊದಲು, ಎತ್ತರ 19 ಅಡಿ ಆಮೇಲೆ ಬರುತ್ತದೆ. ಹಾಲೊಟ್ಟಿನವರು ಅಡಿ, ಅಂಗುಲಗಳ ಗೊಡವೆಗೇ ಹೋಗದೆ ಬರಿ 8 ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅದು ಮೀಟರು, ಅದೂ ತೊಟ್ಟಿಲಿನ ಎತ್ತರವಲ್ಲ, ಕೆಲಸದ ಎತ್ತರ. ಕೆಲಸದ ಎತ್ತರವೆಂದರೆ ತೊಟ್ಟಿಲಿನ ಎತ್ತರಕ್ಕೆ ಅದರಲ್ಲಿ ನಿಂತವನು ಕೈಚಾಚಿದರೆ ಎಟುಕುವ ಸುಮಾರು 2 ಮೀಟರನ್ನು ಕೂಡಿಸಿದ ಲೆಕ್ಕ. ಹೀಗಾಗಿ 1930, 3219, 8 ಎಂಬ ಮೂರೂ ಹೆಚ್ಚುಕಡಿಮೆ ಒಂದೇ ಅಳತೆಯ ಯಂತ್ರಗಳು. ಚಳ್ಳಕೆರೆಯ ಎಣ್ಣೆಮಿಲ್ಲಿನ ಸಾಹುಕಾರರೊಬ್ಬರು 3219 ಎಂಬುದನ್ನು 32 ಅಡಿಯೆಂದು ಓದಿ, ಇಷ್ಟು ಅಗ್ಗಕ್ಕೆ ಇಷ್ಟು ಎತ್ತರ ಯಾರು ಕೊಡುತ್ತಾರೆಂದು ಅಡ್ವಾನ್ಸು ಕಟ್ಟಲು ಹೊರಟಿದ್ದಾಗ ಅವರನ್ನು ತಡೆದವನು ಸ್ವಾಮಿಯೇ. ಸಾಹುಕಾರರು ಸರಿಯಾದ ಯಂತ್ರವನ್ನು ಬಾಡಿಗೆಗೆ ತರಿಸಿ ನಾಲ್ಕೇ ದಿನದಲ್ಲಿ ಕೆಲಸ ಮುಗಿಸಿ ವಾಪಸು ಕಳುಹಿಸಿದರು. ಅಷ್ಟು ಬೇಗ ಕಳುಹಿಸಿದ್ದು ಸ್ವಾಮಿಗೆ ಈಗಲೂ ದುಡುಕೆಂದೇ ತೋರುತ್ತದೆ.

ಬಾಡಿಗೆಯೋ ಸ್ವಂತವೋ ಎಂಬ ಭಾಗಕ್ಕೆ ಅವನ ಬಳಿ ಉದ್ದನೆಯ ಲೆಕ್ಕದ ಪುಸ್ತಕವೊಂದಿದ್ದು, ಅದರ ಒಂದು ಬದಿಗೆ ಯಂತ್ರದ ಬೆಲೆ, ಸಾಲದ ಬಡ್ಡಿ, ವರ್ಷವರ್ಷ ಕಳೆಯುವ ಸವಕಳಿ, 6 ವೋಲ್ಟಿನ ನಾಲ್ಕು ಬ್ಯಾಟರಿಗಳನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸುವ ಖರ್ಚು ಇವೂ, ಇನ್ನೊಂದು ಬದಿಗೆ ತಿಂಗಳ ಬಾಡಿಗೆ, ಹೋಗಿಬರುವ ಸಾಗಣೆ, ಆಪರೇಟರನ ಬಾಟಾ ಇವೂ ಇವೆ. ತರ್ಕವೇನೋ ಸರಿಯಾದದ್ದೇ: ಯಂತ್ರ ವರ್ಷದ ಬಹುಪಾಲು ದಿನ ದುಡಿಯುವುದಾದರೆ ಕೊಳ್ಳುವುದು ಲೇಸು, ಇಲ್ಲವಾದರೆ ಬಾಡಿಗೆ ಲೇಸು. ಆದರೆ ಬೆಂಗಳೂರಿನಿಂದ ಚಳ್ಳಕೆರೆಗೆ ಸುಮಾರು 200 ಕಿಲೊಮೀಟರು ದೂರವಿರುವುದರಿಂದ ಒಂದು ದಿನದ ಬಾಡಿಗೆಗೆ 400 ಕಿಲೊಮೀಟರಿನ ಲಾರಿ ಖರ್ಚು ಬೀಳುತ್ತದೆ. ಅದಕ್ಕೆ ಹೆದರಿ ತಿಂಗಳಿಗೆ ಹಿಡಿದರೆ ಉಳಿದ ದಿನ ಯಂತ್ರವನ್ನು ಏನು ಮಾಡುವುದು ಎಂಬ ಪ್ರಶ್ನೆ ಏಳುತ್ತದೆ. ಊರಿನವರಿಗೆ ಮರುಬಾಡಿಗೆಗೆ ಕೊಡೋಣವೆಂದರೆ ನನ್ನಿವಾಳದಲ್ಲಿ 19 ಅಡಿ ಮೇಲೆ ಯಾರಿಗೂ ಕೆಲಸವಿಲ್ಲ. ಹೀಗೆ ಲೆಕ್ಕ ಪುಟದ ತುದಿಗೆ ಬಂದಾಗಲೆಲ್ಲ ‘ನೋಡಾಣ ಬಿಡಪ್ಪ, ಇನ್ನೊಂದ್ ಕೊಟೇಶನ್ ಬರ್ಲಿ’ ಎಂಬ ವಾಕ್ಯದೊಂದಿಗೆ ಪುಸ್ತಕ ಮುಚ್ಚಿಕೊಳ್ಳುತ್ತದೆ. ಬ್ರಹ್ಮಗಿರಿ, ಸಿದ್ದಾಪುರಗಳ ಬಂಡೆಗಳ ಮೇಲೆ ಅಶೋಕನ ಶಾಸನವನ್ನು ಬರೆದ ಚಪಡನೆಂಬ ಲಿಪಿಕಾರ ಕೆಲಸ ಮುಗಿದೊಡನೆ ಕೆಳಗೆ ತನ್ನ ಹೆಸರು ಕಾಣಿಸಿ ಹೊರಟುಹೋದನು; ಅದೇ ಸೀಮೆಯಲ್ಲಿ ಹುಟ್ಟಿದ ಸ್ವಾಮಿ ಈವರೆಗೆ ಯಾವ ಕಾಗದಕ್ಕೂ ಸಹಿ ಹಾಕಿದ ದಾಖಲೆಯಿಲ್ಲ.

ಎತ್ತುವ ಯಂತ್ರಗಳ ವಿಷಯದಲ್ಲಿ ಆ ಸೀಮೆಗೆ ದಾರಿದ್ರ್ಯವೇನೂ ಇಲ್ಲ. 4,290 ಎಕರೆಯ ವೈಮಾನಿಕ ಪರೀಕ್ಷಾ ವಲಯ ಚಳ್ಳಕೆರೆ ತಾಲ್ಲೂಕಿನಲ್ಲೇ ಇದ್ದು, 2023ರ ಏಪ್ರಿಲ್ 2ರ ಬೆಳಗ್ಗೆ ಚಿನೂಕ್ ಹೆಲಿಕಾಪ್ಟರೊಂದು ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ವಾಹನವನ್ನು ಸುಮಾರು 4.5 ಕಿಲೊಮೀಟರು ಎತ್ತರಕ್ಕೆ ಒಯ್ದು ಬಿಟ್ಟಿತು. ವಾಹನ ತಾನಾಗಿಯೇ ಬಂದು ರನ್‌ವೇಯ ಮೇಲೆ ಇಳಿಯಿತು. ಇಡೀ ತಾಲ್ಲೂಕು ಅದನ್ನು ಕೊಂಡಾಡುತ್ತಿದ್ದಾಗ, ಹೆಲಿಕಾಪ್ಟರು ವಾಯುಪಡೆಯದು, ವಾಹನ ಇಸ್ರೋದ್ದು ಎಂಬುದನ್ನು ಕೇಳಿಸಿಕೊಂಡ ಸ್ವಾಮಿ, ‘ಹಂಗಾರೆ ಅವರೂ ಎತ್ತಾಕೆ ಬಾಡಿಗೀನೇ ಮಾಡ್ಯಾರೆ ಅನ್ನು’ ಎಂದು ಅಭಿಪ್ರಾಯಪಟ್ಟು, ಲೆಕ್ಕದ ಪುಸ್ತಕದ ಬಾಡಿಗೆಯ ಬದಿಗೆ ಒಂದು ಗೀಟು ಎಳೆದನೆಂದು ಪ್ರತೀತಿ.

ಬೆಂಗಳೂರಿನ ಬಾಡಿಗೆ ಕಂಪನಿಯೊಂದರ ಪ್ರತಿನಿಧಿ ಫೋನಿನಲ್ಲಿ ಉತ್ತರ ಹೇಳಿ ಸೋತು, ಖುದ್ದಾಗಿ ಜಾಗ ನೋಡಲು ಬಂದ ದಿನದ ಸಂಗತಿ ಈ ಲಕ್ಷಣನಿರೂಪಣೆಗೆ ಅವಶ್ಯ. ಸ್ವಾಮಿ ಅವನನ್ನು ಶೆಡ್ಡಿನೊಳಗೆ ಕರೆದೊಯ್ದು ಟ್ರಸ್ಸಿನತ್ತ ಬೊಟ್ಟುಮಾಡಿ ಎತ್ತರ, ಅಗಲ, ಬಾಗಿಲಿನ ಅಳತೆಗಳನ್ನು ಒಂದೊಂದಾಗಿ ಒಪ್ಪಿಸುತ್ತಿದ್ದರೆ, ಆ ಹುಡುಗ ಮೇಲೆ ನೋಡದೆ ಕೆಳಗೆ ನೋಡಿ, ಬೂಟಿನ ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಒದ್ದನು. ಗರಸು ಹೊಯ್ದು ದಿಮ್ಮಸಿನಿಂದ ಬಡಿದ ನೆಲ; ಒದ್ದಲ್ಲಿ ಒಂದು ಚಿಪ್ಪಿನಷ್ಟು ಮಣ್ಣು ಎದ್ದು, ಹಿಂದಿನ ವರ್ಷದ ಶೇಂಗಾ ಸಿಪ್ಪೆಗಳೆರಡು ಹೊರಬಿದ್ದವು.

‘ಸರ್, ನೆಲ ಇದೇನಾ?’ ಎಂದು ಅವನು ಕೇಳಿದನು.

ಬ್ಯಾಟರಿಯ ಸಿಸರ್ ಲಿಫ್ಟು ಗಟ್ಟಿಯಾದ, ಮಟ್ಟಸವಾದ ಕಾಂಕ್ರೀಟು ನೆಲಕ್ಕೆಂದೇ ಮಾಡಿದ್ದು. ಮನುಷ್ಯನಿಗೆ ಕಿವಿಯೊಳಗೆ ಸಮತೋಲದ ಅಂಗವಿರುವಂತೆ ಅದಕ್ಕೂ ವಾಲಿಕೆಯನ್ನು ಅರಿಯುವ ಸಾಧನವೊಂದಿದ್ದು, 1930ರಂಥ ಯಂತ್ರ ಅಡ್ಡಡ್ಡಲಾಗಿ ಒಂದೂವರೆ ಡಿಗ್ರಿಗಿಂತ ಹೆಚ್ಚು ವಾಲಿದರೆ ಗಂಟೆ ಬಾರಿಸಿ, ಮೇಲೇಳಲು ನಿರಾಕರಿಸುತ್ತದೆ. 30 ಅಂಗುಲ ಅಗಲದಲ್ಲಿ ಒಂದೂವರೆ ಡಿಗ್ರಿಯೆಂದರೆ ಒಂದು ಬದಿಯ ಚಕ್ರ ಇನ್ನೊಂದು ಬದಿಯದಕ್ಕಿಂತ ಸುಮಾರು 2 ಸೆಂಟಿಮೀಟರು ಕೆಳಗಿರುವುದು, ಇಷ್ಟೇ. ಸುಮಾರು ಒಂದೂವರೆ ಟನ್ ತೂಗುವ ಯಂತ್ರವನ್ನು ಆ ಗರಸಿನ ಮೇಲೆ ನಿಲ್ಲಿಸಿದರೆ ಅದು ಅಷ್ಟು ಕುಸಿಯಲು ಒಂದು ಬೀಡಿ ಸೇದುವ ಹೊತ್ತೂ ಬೇಡ. ಒರಟು ನೆಲಕ್ಕೆಂದೇ ದೊಡ್ಡ ಚಕ್ರಗಳ, ಡೀಸೆಲ್ ಎಂಜಿನ್ನಿನ ಬೇರೆ ಜಾತಿ ಇದೆಯಾದರೂ, ಅದು ಸ್ವಾಮಿಯ ಶೆಡ್ಡಿನ ಬಾಗಿಲಲ್ಲಿ ಹಿಡಿಸುವುದಿಲ್ಲ. ಐದು ಕಂಪನಿ, ಹದಿನಾಲ್ಕು ಮಾದರಿ, ಎರಡು ಬದಿಯ ಲೆಕ್ಕ ಇಷ್ಟನ್ನೂ ಹೊತ್ತ ಪುಸ್ತಕದಲ್ಲಿ ‘ನೆಲ’ ಎಂಬ ಕಲಮು ಇರಲಿಲ್ಲ.

ಸ್ವಾಮಿಯ ಮುಖ ಬಾಡಿತೆಂದು ಊಹಿಸುವವರು ಈ ಪಂಗಡದ ಸ್ವಭಾವವನ್ನು ಅರಿಯದವರು. ಅವನು ಅಂಗಿ ಜೇಬಿನಿಂದ ಪೆನ್ನು ತೆಗೆದು, ಹೊಸ ಹಾಳೆಯ ನೆತ್ತಿಯ ಮೇಲೆ ‘ಕಾಂಕ್ರೀಟು’ ಎಂದು ಬರೆದು, ಕೆಳಗೆ ನೆಟ್ಟಗೆ ಮೂರು ಗೆರೆ ಎಳೆದನು. ಅಷ್ಟರಲ್ಲಿ ಹಾಳೆಯ ಮೇಲೆ ಕೆಂಪಗಿನ ಹನಿಯೊಂದು ಬಿತ್ತು. ಮೇಲೆ, ಸ್ವಾಮಿಯ ಹೆಂಡತಿ ಅವನಿಗೆ ಹೇಳದೆ ಮೂರು ದಿನದ ಹಿಂದೆಯೇ ಕರೆಸಿದ್ದ ಬಣ್ಣದವನು ಸರ್ವೆ ಕಂಬದ ಸಾರವೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ಟ್ರಸ್ಸಿನ ಕೊನೆಯ ಪಟ್ಟಿಯನ್ನು ಬಳಿಯುತ್ತಿದ್ದನು.

‘ಸ್ವಾಮಣ್ಣ, ವಸಿ ಆಕಡೀಕ್ ಸರ್ಕಳ್ರಿ, ಬಣ್ಣ ಬೀಳ್ತೈತಿ.’

ಸ್ವಾಮಿ ಒಂದು ಹೆಜ್ಜೆ ಸರಿದು, ಹನಿಯನ್ನು ಬೆರಳಿಂದ ಒರೆಸಿ ಬೆಳಕಿಗೆ ಹಿಡಿದು ನೋಡಿ, ತಲೆಯೆತ್ತಿ ಕೇಳಿದನು:

‘ಇದ್ಯಾವ ಕಂಪನೀದಪ್ಪ, ರೆಡ್ ಆಕ್ಸೈಡು?’