ಕೆರೆ ಉಳಿಸುವ ಶಾಸ್ತ್ರ: ಸೂತ್ರ, ಭಾಷ್ಯ ಸಹಿತ

ಬೆಂಗಳೂರಿನ ಬಡಾವಣೆಯ ಜನ ತಮ್ಮ ಕೆರೆಯನ್ನೂ ಅದರ ಹಕ್ಕಿಗಳನ್ನೂ ಉಳಿಸಲು ಹೊರಟರೆ ಮೊದಲು ಆಗಬೇಕಾದದ್ದು ವಾಟ್ಸ್ಆ್ಯಪ್ ಗುಂಪು. ಇದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಎರಡನೆಯದು ಟೀ ಶರ್ಟೋ ಬ್ಯಾನರೋ ಎಂಬಲ್ಲಿ ಮಾತ್ರ ಮತಭೇದವಿದೆ. ಈ ಗೊಂದಲ ಪರಿಹರಿಸಲೆಂದೇ ಪ್ರಸ್ತುತ ಪ್ರಬಂಧ.

ಸೂತ್ರ 1: ಕಾಣದಿದ್ದರೂ ಕೆರೆ ಕೆರೆಯೇ.

ಭಾಷ್ಯ: ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವವನು ವಸ್ತುತಃ ಧರ್ಮಾಂಬುಧಿ ಕೆರೆಯಲ್ಲಿ ನಿಂತಿದ್ದಾನೆ. ಕಂಠೀರವ ಕ್ರೀಡಾಂಗಣದಲ್ಲಿ ಓಡುವವನು ಸಂಪಂಗಿ ಕೆರೆಯಲ್ಲಿ ಓಡುತ್ತಿದ್ದಾನೆ. ಇಬ್ಬರ ಕಾಲೂ ಒದ್ದೆಯಾಗಿಲ್ಲವೆಂದರೆ ಅದು ಮಾಯೆ. ಜೋರು ಮಳೆ ಬಂದಾಗ ಮಾಯೆ ಕಳಚುತ್ತದೆ.

ಸೂತ್ರ 2: ಬೆಂಕಿ ಬಿದ್ದ ಕೆರೆಗೇ ಮರ್ಯಾದೆ.

ಭಾಷ್ಯ: ಬೆಂಕಿಯಿಲ್ಲದ ಕಡೆ ಹೊಗೆಯಿಲ್ಲ, ಕೆರೆಯಲ್ಲಿ ಇಲ್ಲದಂತೆ ಎಂದು ತರ್ಕಶಾಸ್ತ್ರದ ಪಾಠದಲ್ಲಿ ದೊಡ್ಡ ಮಡುವಿನ ಉದಾಹರಣೆ ಕೊಡುವುದುಂಟು. 2017ರ ಫೆಬ್ರವರಿಯಲ್ಲೂ 2018ರ ಜನವರಿಯಲ್ಲೂ ಬೆಳ್ಳಂದೂರು ಕೆರೆ ಹೊಗೆಯೆಬ್ಬಿಸಿ ಉರಿದು ಈ ಉದಾಹರಣೆಯನ್ನು ಖಂಡಿಸಿತು. ಅಲ್ಲಿಗೆ ವರ್ಷಗಟ್ಟಲೆ ಕೊಳಚೆ ಹರಿದಾಗ ತಿರುಗಿ ನೋಡದವರು ಅಂದು ಕ್ಯಾಮೆರಾ ಹಿಡಿದು ಓಡಿದರು. ಆದರೂ ಪ್ರಚಾರಕ್ಕಾಗಿ ಪ್ರತಿ ಕೆರೆಗೂ ಬೆಂಕಿ ಬೀಳಲೆಂದು ಕಾಯುವುದು ಶಾಸ್ತ್ರಸಮ್ಮತವಲ್ಲ.

ಸೂತ್ರ 3: ಬೇಲಿ, ಟೈಲ್ಸ್, ದೀಪದ ಕಂಬ ಇವು ಮೂರೂ ಸೇರಿದರೆ ಕೆರೆ.

ಭಾಷ್ಯ: ಇದು ಸಿದ್ಧಾಂತವಲ್ಲ, ಪೂರ್ವಪಕ್ಷ, ಅಂದರೆ ಖಂಡಿಸಲೆಂದೇ ಮೊದಲಿಡುವ ಎದುರಾಳಿಯ ವಾದ. ಈ ಮತದವರು ಜೊಂಡನ್ನು ಕಸವೆಂದು ಕಿತ್ತು, ದಡಕ್ಕೆ ಕಲ್ಲು ಹೊದಿಸಿ, ವಾಕಿಂಗ್ ಪಥ ಹಾಸಿ, ಉದ್ಘಾಟನೆಗೆ ಒಂದೇ ಸಸಿಯನ್ನು ಹದಿನಾರು ಕೈಗಳಿಂದ ನೆಡಿಸುತ್ತಾರೆ. ಗುಳುಮುಳುಕ ಎಂಬ ನೀರುಹಕ್ಕಿಯ ಆಕ್ಷೇಪ ಹೀಗಿದೆ: ಅದು ಜೊಂಡಿನ ಮರೆಯಲ್ಲಿ ಕಳೆಗಿಡಗಳ ತೇಲುಗೂಡು ಕಟ್ಟುತ್ತದೆ; ಎದ್ದು ಹೋಗುವಾಗ ಕೊಳೆತ ಎಲೆಗಳನ್ನು ಕೊಕ್ಕಿನಿಂದ ಎಳೆದು ಮೊಟ್ಟೆ ಮುಚ್ಚಿಡುತ್ತದೆ. ಗ್ರಾನೈಟ್ ಬೆಂಚನ್ನು ಎಳೆದು ಮೊಟ್ಟೆ ಮುಚ್ಚುವ ವಿದ್ಯೆ ಅದಕ್ಕೆ ಬಾರದು. ಈ ಆಕ್ಷೇಪಕ್ಕೆ ಗುತ್ತಿಗೆದಾರರಿಂದ ಇನ್ನೂ ಸಮಾಧಾನ ಬಂದಿಲ್ಲ.

ಸಿದ್ಧಾಂತ: ಕೊಳಚೆ ಸೇರುವುದು ನಿಂತರೆ ಕೆರೆ ತಾನೇ ಬದುಕುತ್ತದೆ.

ಭಾಷ್ಯ: ಇದು ಹೊಸ ಮಾತಲ್ಲ. ಕೆರೆ ಒಡೆಯಬೇಡಿ, ಅದಕ್ಕೆ ಚರಂಡಿ ನೀರು ಬಿಡಬೇಡಿ ಎಂದು ಬೆಂಗಳೂರಿನ ಕೆರೆಗಳ ಕುರಿತ ಲಕ್ಷ್ಮಣರಾವ್ ಸಮಿತಿ 1980ರ ದಶಕದಲ್ಲೇ ಹೇಳಿತ್ತು. ಅದೇ ಮೂಲಗ್ರಂಥ, ಆಮೇಲಿನ ಸಭೆಗಳೆಲ್ಲ ವ್ಯಾಖ್ಯಾನ. ಇದಕ್ಕೆ ದೃಷ್ಟಾಂತಗಳು ಎರಡು. ಜಕ್ಕೂರಿನಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಜೊಂಡಿನ ಜೌಗಿನಲ್ಲಿ ಹಾದು ಕೆರೆ ಸೇರುವಂತೆ ಮಾಡಿದರು. ಅಲ್ಲಿ ಜೊಂಡೇ ಕಾರ್ಮಿಕ, ಸಂಬಳವಿಲ್ಲ, ಮುಷ್ಕರವಿಲ್ಲ. ಕೈಕೊಂಡ್ರಹಳ್ಳಿಯಲ್ಲಿ ಸುತ್ತಲಿನ ನಿವಾಸಿಗಳು ಪಾಲಿಕೆಯೊಡನೆ ಕೂತು ಯೋಜನೆ ಮಾಡಿ, ಕೆಲಸ ಮುಗಿದ ಮೇಲೂ ಕಾವಲು ಬಿಡಲಿಲ್ಲ, ಹಕ್ಕಿಗಳು ಮರಳಿದವು. ಎರಡೂ ಕಡೆ ಬೇಸರ ತರಿಸುವ ಕೆಲಸವೇ ಫಲ ಕೊಟ್ಟಿತು: ಅರ್ಜಿ, ನಕ್ಷೆ, ಮತ್ತೆ ಅರ್ಜಿ.

ಫಲಶ್ರುತಿ: ಈ ಪ್ರಬಂಧ ಓದಿದ ಮಾತ್ರಕ್ಕೆ ಪುಣ್ಯವಿಲ್ಲ. ಬರುವ ಭಾನುವಾರ ನಿಮ್ಮ ಬೀದಿಯ ರಾಜಕಾಲುವೆಯ ಗುಂಟ ನಡೆದು, ನಿಮ್ಮ ಮನೆಯ ಕೊಳಚೆ ಎಲ್ಲಿ ಸೇರುತ್ತದೆಂದು ನೋಡಿ. ಕೆರೆಗೇ ಸೇರುತ್ತಿದ್ದರೆ ಲಿಖಿತ ದೂರು ಕೊಡಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಟೀ ಶರ್ಟ್ ಆಮೇಲೆ ಹೊಲಿಸಬಹುದು.